ನೀರಿನ ಸಾಲುಗಳನ್ನು ಬಿಟ್ಟು ಓದಿದ್ದು

ಕನ್ನಡದ ಕಾದಂಬರಿಗಳಲ್ಲಿ ಜನ ಇಷ್ಟೊಂದು ನೀರು ಕುಡಿಯುತ್ತಾರೆಂದು ನನಗೆ ಇತ್ತೀಚಿನವರೆಗೆ ಗೊತ್ತಿರಲಿಲ್ಲ. ಯಾರಾದರೂ ಬಾಗಿಲಿಗೆ ಬಂದರೆ ಸಾಕು, ಒಳಗಿನಿಂದ ಒಬ್ಬ ಹೆಂಗಸು ಚೊಂಬು ಹಿಡಿದು ಬರುತ್ತಾಳೆ. ಬಿಸಿಲಲ್ಲಿ ನಡೆದು ಬಂದವನು ಬಾವಿಕಟ್ಟೆಯ ಮೇಲೆ ಕೂತು ಗಟಗಟ ಕುಡಿಯುತ್ತಾನೆ. ಜಗಳವಾದ ಮೇಲೆ ಕುಡಿಯುತ್ತಾರೆ, ಸಾವಿನ ಸುದ್ದಿ ತಂದವನಿಗೆ ಮೊದಲು ಕುಡಿಸುತ್ತಾರೆ, ಪ್ರೀತಿ ಹುಟ್ಟಬೇಕಾದರೆ ಹುಡುಗಿ ಮಜ್ಜಿಗೆ ತರಲೇಬೇಕು. ಬರೆಯುವವರಿಗೆ ಬೇರೇನೂ ತೋಚದಿದ್ದಾಗ ಯಾರಿಗಾದರೂ ನೀರು ಕೊಡಿಸಿಬಿಡುತ್ತಾರೆ ಎಂದು ನನಗೀಗ ಬಲವಾದ ಅನುಮಾನ. ಇದೆಲ್ಲ ಕಣ್ಣಿಗೆ ಬಿದ್ದದ್ದು ನಾನು ನನ್ನ ಗಂಡನಿಗೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದ ಮೇಲೆ. ಅವರ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳೆದುಕೊಟ್ಟ ನೀರಿಗಿಂತ ಹೆಚ್ಚು ಕುಡಿದರೆ ಅದು ಕಾಲಿಗೆ ಬರುತ್ತದೆ, ಮುಖಕ್ಕೆ ಬರುತ್ತದೆ, ಕೊನೆಗೆ ಎದೆಗೆ ತುಂಬಿಕೊಳ್ಳುತ್ತದೆ.

ನಾವಿರುವುದು ನ್ಯಾಮತಿಯಲ್ಲಿ. ಅವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು, ಊರು ಜಗಳೂರು ಕಡೆಯ ಸೊಕ್ಕೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ತವರು ಸೂಳೆಕೆರೆ ಏರಿಯ ಕೆಳಗಿನ ಹಳ್ಳಿ. ಕಣ್ಣು ಹಾಯುವಷ್ಟು ದೂರ ನೀರು ನೋಡಿಕೊಂಡೇ ಬೆಳೆದೆ. ಹೆಣ್ಣು ನೋಡಲು ಬಂದ ದಿನ ನಮ್ಮ ಮನೆಯವರು ಅವರನ್ನು ಏರಿಯ ಮೇಲೆ ಕರೆದುಕೊಂಡು ಹೋಗಿದ್ದರಂತೆ. ‘ನಿನ್ನನ್ನ ಯಾರು ನೋಡಿದ್ರು, ನಾನು ಕೆರೆ ನೋಡಿ ಒಪ್ಪಿದ್ದು’ ಎಂದು ಅವರು ಮದುವೆಯಾದಾಗಿನಿಂದ ಹೇಳಿಕೊಂಡು ಬಂದಿದ್ದಾರೆ. ಈಗ ಆ ತಮಾಷೆಯನ್ನು ಹೇಳುವುದಿಲ್ಲ.

ನಮಗೆ ಮಕ್ಕಳಿಲ್ಲ. ನನ್ನ ಕಿಡ್ನಿ ತೆಗೆದುಕೊಳ್ಳಿ ಎಂದು ನಾನು ಕೇಳಿಕೊಂಡೆ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಆಗದು ಎಂದರು. ಹಾಗಾಗಿ ವಾರಕ್ಕೆ ಮೂರು ಬೆಳಗ್ಗೆ ಹೊನ್ನಾಳಿ ಬಸ್ಸು ಹತ್ತಿ, ಅಲ್ಲಿಂದ ಮುಂದೆ ಹೋಗಿ, ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತೇವೆ. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ, ಮೈಯ ರಕ್ತವನ್ನು ಯಂತ್ರಕ್ಕೆ ಬಿಟ್ಟು, ತೊಳೆದು, ತಿರುಗಿ ಒಳಗೆ ಕಳಿಸುತ್ತಾರೆ. ಯಂತ್ರ ಮೈಯ ನೀರು ಹಿಂಡುವಾಗ ಮೀನಖಂಡ ಗಂಟು ಕಟ್ಟಿದ ಹಾಗೆ ಹಿಡಿದುಕೊಳ್ಳುತ್ತದೆ. ಅದನ್ನು ಒತ್ತಲು ಒಬ್ಬರಿರಲಿ ಎಂದು ನನಗೆ ಮಂಚದ ಪಕ್ಕದಲ್ಲಿ ಒಂದು ಸ್ಟೂಲು ಕೊಟ್ಟಿದ್ದಾರೆ. ಆ ಸ್ಟೂಲಿನ ಮೇಲೆ ಕೂತು ನಾನು ಬದುಕಿನಲ್ಲಿ ಅದುವರೆಗೆ ಓದಿದ್ದಕ್ಕಿಂತ ಹೆಚ್ಚು ಪುಸ್ತಕ ಓದಿದ್ದೇನೆ.

ಪುಸ್ತಕ ಕಳಿಸುವವಳು ಚನ್ನಗಿರಿಯ ಒಬ್ಬ ಕನ್ನಡ ಟೀಚರ್. ಒಂದು ಕಾಲದಲ್ಲಿ ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರು. ಸುದ್ದಿ ಕೇಳಿದ ದಿನ ಅವಳು ಅಳಲಿಲ್ಲ, ಸಮಾಧಾನ ಹೇಳಲಿಲ್ಲ. ‘ಅಷ್ಟೊತ್ತು ಅಲ್ಲಿ ಕೂತ್ಕಂಡು ಏನ್ ಮಾಡ್ತೀಯಕ್ಕ, ಗೋಡೆ ನೋಡ್ತೀಯಾ’ ಎಂದು ಕೇಳಿದಳು. ಮಾರನೆಯ ವಾರ ಸೀರೆ ಅಂಗಡಿಯ ಕೈಚೀಲದಲ್ಲಿ ಪುಸ್ತಕಗಳನ್ನು ತುಂಬಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಆಗಿನಿಂದ ಅದೇ ಚೀಲ ಹೋಗುತ್ತದೆ, ಬರುತ್ತದೆ.

ನಾನು ಗಣಿತದವಳು. ನನಗೆ ಅಲಂಕಾರ ಸೇರುವುದಿಲ್ಲ, ಹೇಳಬೇಕಾದ್ದನ್ನು ಹೇಳಿ ಮುಗಿಸಿ ಎನ್ನುವ ಜಾತಿ. ಆ ಚೀಲದಲ್ಲಿ ಬಂದ ಮೊದಲ ಕಾದಂಬರಿಯ ನಾಯಕನಿಗೆ ಎಂಥದೋ ದೊಡ್ಡ ಕಾಯಿಲೆ. ಅಧ್ಯಾಯಗಟ್ಟಲೆ ಸಾಯುತ್ತಾನೆ. ಸಾಯುತ್ತ ಸಾಯುತ್ತ ಒಂದು ವಾಕ್ಯವೂ ತಪ್ಪದ ಹಾಗೆ ಆಕಾಶದ ಬಗ್ಗೆ ಮಾತಾಡುತ್ತಾನೆ. ಒಂದು ಸಲವೂ ವಾಂತಿ ಮಾಡಿಕೊಳ್ಳುವುದಿಲ್ಲ, ರಕ್ತ ಬರುವ ಹಾಗೆ ಮೈ ಕೆರೆದುಕೊಳ್ಳುವುದಿಲ್ಲ, ಸಾರಿಗೆ ಉಪ್ಪಿಲ್ಲವೆಂದು ತಟ್ಟೆ ತಳ್ಳುವುದಿಲ್ಲ. ನಮ್ಮವರು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ‘ಇವ್ನಿಗೆ ಕಾಯಿಲೆನೇ ಇಲ್ಲ ಬಿಡು, ಸಿಕ್ ಲೀವ್ ಹಾಕ್ಯಾನೆ’ ಎಂದರು. ಪಕ್ಕದ ಮಂಚದವರೂ ನಕ್ಕರು. ಆ ಪುಸ್ತಕವನ್ನು ಅಲ್ಲಿಗೇ ಮುಚ್ಚಿದೆ.

ಆಮೇಲೆ ಬಂದದ್ದು ಒಬ್ಬ ನಿವೃತ್ತ ಅಧಿಕಾರಿಯ ಆತ್ಮಕಥೆ. ಇಡೀ ನೌಕರಿಯಲ್ಲಿ ಅವರು ಒಂದು ತಪ್ಪೂ ಮಾಡಿಲ್ಲ, ಮಿಕ್ಕವರೆಲ್ಲ ಮಾಡಿದ್ದಾರೆ. ಅದರಿಂದ ಒಂದು ಉಪಕಾರವಾಯಿತು, ನಮ್ಮವರಿಗೆ ಚೆನ್ನಾಗಿ ನಿದ್ದೆ ಬಂತು. ಮೂರನೆಯದು ಒಬ್ಬ ಸೂಲಗಿತ್ತಿಯ ನೆನಪುಗಳು. ಆಕೆ ಹೇಳಿದ್ದು, ಮಗಳು ಬರೆದುಕೊಂಡದ್ದು. ಅದು ನಮ್ಮಿಬ್ಬರಿಗೂ ಹಿಡಿಸಿತು. ಹೊಲದ ಬದುವಿನ ಮೇಲೆ, ಹಳ್ಳ ದಾಟಿ, ಕರೆದವರ ಮನೆಗೆ ಓಡುವ ಹೆಂಗಸು. ಆದರೆ ಓಡಿ ಬಂದವಳಿಗೆ ಪ್ರತಿ ಮನೆಯಲ್ಲೂ ಮೊದಲು ನೀರು ಕೊಡುತ್ತಾರೆ. ಮಡಕೆಯ ನೀರು, ಬೆಲ್ಲದ ತುಂಡಿನ ಜೊತೆ. ಆಕೆ ಆ ನೀರಿನ ತಂಪನ್ನು ಬೇರೆ ವರ್ಣಿಸುತ್ತಾಳೆ. ಮಂಚದ ಮೇಲೆ ನನ್ನ ಗಂಡ ಬಿರಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದರು. ನನ್ನ ಕಣ್ಣು ಎರಡು ಸಾಲು ಮುಂದೆ ಓಡಲು ಕಲಿಯಿತು. ನೀರು ಬರುವುದು ಕಂಡರೆ ಹಾರಿಸಿ ಮುಂದಿನ ವಾಕ್ಯ ಹಿಡಿಯುತ್ತಿದ್ದೆ. ಮಜ್ಜಿಗೆ ಹೋಯಿತು, ಎಳನೀರು ಹೋಯಿತು, ಕಬ್ಬಿನ ಹಾಲು ಹೋಯಿತು, ಒಂದು ಕಡೆ ಇಡೀ ಮಳೆಯನ್ನೇ ತೆಗೆದುಹಾಕಿದೆ.

ಹಾಗೆ ಸುಮಾರು ಪುಟ ಹೋದ ಮೇಲೆ ಅವರು ಕಣ್ಣು ತೆರೆದರು.

‘ಏನೇ, ಆ ಊರಿನ ಜನಕ್ಕೆ ಮರ್ಯಾದಿ ಐತೋ ಇಲ್ವೋ? ಅಷ್ಟು ದೂರದಿಂದ ಬರ್ತಾಳೆ ಆಯಮ್ಮ, ಒಬ್ರೂ ಒಂದು ಗ್ಲಾಸು ನೀರು ಕೊಡಲ್ವಲ್ಲ.’

‘ಕೊಡ್ತಾರೆ’ ಎಂದೆ.

‘ಮತ್ತೆ ನೀನು ಓದ್ಲೇ ಇಲ್ಲ.’

‘ಮುಖ್ಯ ಅಲ್ಲ ಅಂತ ಬಿಟ್ಟೆ.’

ಅವರು ನನ್ನ ಮುಖವನ್ನೇ ನೋಡಿದರು. ‘ಒಣಗಿರೋದು ನನ್ನ ಬಾಯಿ. ಆಯಮ್ಮ ಯಾಕೆ ಒಣಗಬೇಕು? ಹಿಂದಕ್ಕೆ ಹೋಗು. ಕುಡೀಲಿ.’

ನಾನು ಹಿಂದಕ್ಕೆ ಹೋಗಿ ಓದಿದೆ. ಮಡಕೆ, ಬೆಲ್ಲ, ತಂಪು, ಎಲ್ಲವನ್ನೂ. ಆಕೆ ಕುಡಿಯುವಾಗ ನನ್ನ ಗಂಡನ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನೋಡಿದೆ. ಓದುವುದನ್ನು ನಿಲ್ಲಿಸಿ ಅವರ ಕಾಲು ಒತ್ತುವ ನೆಪ ಮಾಡಿಕೊಂಡು ಮುಖ ತಗ್ಗಿಸಿದೆ. ನನಗೆ ಅಳು ಬಂದರೆ ಮೂಗು ಕೆಂಪಾಗುತ್ತದೆ, ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಆತ್ಮಕಥೆಗಳ ಮೇಲೆ ನನಗೆ ಒಂದು ಸಿಟ್ಟು ಹುಟ್ಟಿದ್ದು ಅದೇ ದಿನಗಳಲ್ಲಿ. ಕಾಯಿಲೆ ಬಿದ್ದವರ ಕಥೆಗಳನ್ನೇ ಹುಡುಕಿ ಓದುತ್ತಿದ್ದೆ. ಒಬ್ಬರು ಕ್ಯಾನ್ಸರಿನಿಂದ ಎದ್ದು ಬಂದಿದ್ದರು, ಒಬ್ಬರು ಹೃದಯದ ಆಪರೇಷನ್ ಮಾಡಿಸಿಕೊಂಡು ಬೆಟ್ಟ ಹತ್ತಿದ್ದರು, ಇನ್ನೊಬ್ಬರು ಕೋಮಾದಿಂದ ಎದ್ದು ಕಾಫಿ ಕೇಳಿದ್ದರು. ಮನೋಬಲ ಒಂದಿದ್ದರೆ ಸಾಕು ಎಂದು ಮೂವರೂ ಬರೆದಿದ್ದರು. ಮೊದಮೊದಲು ಆ ಮಾತುಗಳಿಗೆ ಪೆನ್ಸಿಲ್ ಗೆರೆ ಹಾಕಿ ಮನೆಗೆ ಬಂದು ಮತ್ತೆ ಓದಿ ಹೇಳುತ್ತಿದ್ದೆ. ಆಮೇಲೆ ಹೊಳೆಯಿತು, ಬರೆಯಲು ಉಳಿದವರು ಮಾತ್ರ ಬರೆದಿದ್ದಾರೆ. ಪಾಸಾದ ಮಕ್ಕಳನ್ನಷ್ಟೇ ಕರೆದು ಪೇಪರು ಹೇಗಿತ್ತು ಎಂದು ಕೇಳಿದರೆ ಸುಲಭವಾಗಿತ್ತು ಎಂದೇ ಅನ್ನುತ್ತಾರೆ. ನಮ್ಮ ಎದುರು ಮಂಚದಲ್ಲಿ ಒಬ್ಬರು ಟೋಪಿ ಹಾಕಿಕೊಂಡು ಮಲಗುತ್ತಿದ್ದರು, ನನ್ನ ಓದಿಗೆ ತಲೆಯಾಡಿಸುತ್ತಿದ್ದರು. ಒಂದು ದಿನ ಆ ಮಂಚದಲ್ಲಿ ಬೇರೆಯವರಿದ್ದರು. ಆ ಟೋಪಿಯವರಿಗೂ ಮನೋಬಲ ಇತ್ತು, ಎಲ್ಲರನ್ನೂ ನಗಿಸುತ್ತಿದ್ದರು. ಅವರ ಪುಸ್ತಕವನ್ನು ಯಾರು ಬರೆಯುತ್ತಾರೆ?

ಈ ನಡುವೆ ಮಾತ್ರೆಯ ಪ್ರಸಂಗ ನಡೆಯಿತು. ಅದು ಅರ್ಥವಾಗಬೇಕಾದರೆ ಸೊಕ್ಕೆಯ ನನ್ನ ಅತ್ತೆಯ ಮನೆಯ ಮಾತು ಗೊತ್ತಿರಬೇಕು. ಆ ಮನೆಯಲ್ಲಿ ಯಾವುದೂ ಖಾಲಿ ಆಗುತ್ತಿರಲಿಲ್ಲ. ಅಕ್ಕಿ ತೀರಿದರೆ ಇಲ್ಲ ಅನ್ನಬಾರದು, ಬಾಯಲ್ಲಿ ಇಲ್ಲ ಅಂದರೆ ಮನೆಯಲ್ಲೂ ಇಲ್ಲವಾಗುತ್ತದೆ ಎಂದು ಅತ್ತೆಯ ನಂಬಿಕೆ. ‘ಅಕ್ಕಿ ಹೆಚ್ಚಾಗೈತೆ’ ಅನ್ನಬೇಕು. ಎಣ್ಣೆ ಹೆಚ್ಚಾಗುತ್ತಿತ್ತು, ಉಪ್ಪು ಹೆಚ್ಚಾಗುತ್ತಿತ್ತು, ಬಳೆ ಒಡೆದರೆ ಅದೂ ಹೆಚ್ಚಿತು. ಹೊಸ ಸೊಸೆಯಾಗಿದ್ದ ನಾನು, ಹೆಚ್ಚಾಗಿದ್ದರೆ ಪಕ್ಕದ ಮನೆಗೆ ಒಂದಿಷ್ಟು ಕೊಡೋಣ ಎಂದು ಹೇಳಿ ಎಲ್ಲರ ನಗೆಗೆ ಗುರಿಯಾಗಿದ್ದೆ. ನಮ್ಮ ಕಡೆಯೂ ಆ ಮಾತು ಇದೆ, ಆದರೆ ಅಷ್ಟು ಕಟ್ಟುನಿಟ್ಟಾಗಿ ಇಲ್ಲ.

ಡಯಾಲಿಸಿಸ್ ವಾರ್ಡಿಗೆ ಕರಾವಳಿ ಕಡೆಯಿಂದ ಒಬ್ಬ ಹೊಸ ನರ್ಸ್ ಹುಡುಗಿ ಬಂದಿದ್ದಳು. ಒಳ್ಳೆಯ ಹುಡುಗಿ. ನಾನು ಚಹಾ ತರಲು ಹೊರಗೆ ಹೋದ ಹೊತ್ತಿನಲ್ಲಿ ಆಕೆ ನಮ್ಮವರನ್ನು ಕೇಳಿದ್ದಾಳೆ, ‘ಅಂಕಲ್, ಬಿ.ಪಿ. ಮಾತ್ರೆ ಉಂಟಾ ಮನೆಯಲ್ಲಿ?’ ಇವರು, ‘ಹೆಚ್ಚಾಗ್ಯಾವಮ್ಮ’ ಎಂದಿದ್ದಾರೆ. ಹೆಚ್ಚಾಗಿದ್ದರೆ ಸರಿ ಎಂದು ಆಕೆ ಮುಂದಿನ ಮಂಚಕ್ಕೆ ಹೋಗಿದ್ದಾಳೆ. ಮಾತ್ರೆಯ ಡಬ್ಬಿ ಆಗ ಅವರ ಸುಪರ್ದಿಯಲ್ಲೇ ಇತ್ತು. ನಾನು ‘ಮಾತ್ರೆ ತಗೊಂಡ್ರಾ’ ಎಂದು ಕೇಳಿದರೆ ‘ಹೂಂ’ ಅನ್ನುತ್ತಿದ್ದರು.

ಕೆಲವು ದಿನಗಳ ಮೇಲೆ, ಬೆಳಗಿನ ಉಪ್ಪಿಟ್ಟು ಬಡಿಸುವಾಗ, ಅವರಿಗೆ ಉಸಿರು ಸಿಗದೆ ಹೋಯಿತು. ಗೋಡೆ ಹಿಡಿದು ನಿಂತರು. ಕೂರಲಾಗದು, ಮಲಗಲಾಗದು, ಮಾತಾಡಲಾಗದು. ಎದುರು ಮನೆಯವರ ಕಾರಿನಲ್ಲಿ ದಾವಣಗೆರೆಗೆ ಒಯ್ದೆವು. ದಾರಿಯುದ್ದಕ್ಕೂ ಅವರು ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಿದ್ದರು. ನಾನು ಎಲ್ಲಾ ದೇವರ ಹೆಸರನ್ನೂ ಹೇಳಿದೆ. ಬಿ.ಪಿ. ಏರಿ ಎದೆಯಲ್ಲಿ ನೀರು ತುಂಬಿದೆ, ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಅಲ್ಲಿಯ ಡಾಕ್ಟರು ನನ್ನನ್ನು ಗದರಿದರು.

ಬದುಕಿ ಬಂದರು. ತಿರುಗಿ ನಮ್ಮ ವಾರ್ಡಿಗೆ ಹೋದ ದಿನ ಆ ನರ್ಸ್ ಹುಡುಗಿ ಕಣ್ಣೀರು ಹಾಕಿದಳು. ‘ಹೆಚ್ಚಾಗಿದೆ ಅಂದ್ರು ಆಂಟಿ. ತುಂಬಾ ಉಂಟು ಅಂತ ತಿಳ್ಕೊಂಡೆ.’ ನನಗೆ ಆಗ ವಿಷಯ ಹೊಳೆದು, ಅಳುವ ಜಾಗದಲ್ಲಿ ನಗು ಬಂತು. ಸೊಕ್ಕೆಯ ಕಥೆಯನ್ನು ವಾರ್ಡಿಗೆಲ್ಲ ಹೇಳಿದೆ. ಈ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಆ ಹುಡುಗಿಯೂ ನಕ್ಕಳು. ನಮ್ಮವರು ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ‘ನಿಮ್ಮ ಅವ್ವನ ಮಾತು ನಿಮ್ಮ ಜೀವ ತೆಗೀತಿತ್ತಲ್ರೀ’ ಎಂದೆ, ಇನ್ನೂ ನಗುತ್ತಲೇ.

‘ಆ ಹುಡುಗಿಗೆ ತಿಳಿಯಲ್ಲ ಅಂತ ನಂಗೆ ಗೊತ್ತಿತ್ತು’ ಎಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡೆ. ಕೇಳಿಸಿತ್ತು. ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಹೋದ. ಆಮೇಲೆ ಅವರೇ ಮೆಲ್ಲಗೆ ಹೇಳಿದರು, ‘ಸಾಕಾಗೈತೆ ಕಣೆ. ಅಲ್ಲಿಂದ ಬಂದ ದಿನ ಹೆಣ ಬಿದ್ದಂಗೆ ಬೀಳ್ತೀನಿ. ಮಾರನೆ ದಿನ ಒಂಚೂರು ಮನಷ್ಯ ಆಗ್ತೀನಿ. ಅಷ್ಟರಾಗೆ ಮತ್ತೆ ಹೋಗಾಕೆ ಆಗುತ್ತೆ. ಇದಕ್ಕೆ ಕೊನೆ ಅನ್ನೋದು ಐತಾ?’

ನಾನು ಬಸ್ಸಿನಲ್ಲೇ ಅವರ ಮೇಲೆ ಹರಿಹಾಯ್ದೆ. ಏನೇನು ಹೇಳಿದೆನೋ. ಡಾಕ್ಟರು ಹೇಳಿದ್ದು, ಹೊಸ ಔಷಧ ಬರುವುದು, ನಮಗಿಂತ ಕಷ್ಟದಲ್ಲಿರುವವರು, ಮನೋಬಲ. ನಾನು ಉಗಿದು ಹಾಕಿದ್ದ ಪುಸ್ತಕಗಳ ಮಾತೆಲ್ಲ ನನ್ನ ಬಾಯಿಂದಲೇ ಬಂತು. ಮನೆಗೆ ಬಂದು ಮಾತ್ರೆಯ ಡಬ್ಬಿಯನ್ನು ನನ್ನ ಬೀರುವಿಗೆ ಸೇರಿಸಿದೆ. ಅಂದಿನಿಂದ ಮಾತ್ರೆಯನ್ನು ಬಾಯಿಗೆ ಹಾಕಿ ನುಂಗಿದ್ದನ್ನು ನೋಡಿಯೇ ಏಳುತ್ತಿದ್ದೆ. ಬಚ್ಚಲಿಗೆ ಹೋದರೆ ಹೊರಗೆ ನಿಂತು ಕಿವಿಗೊಡುತ್ತಿದ್ದೆ. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ ಆಗಿದ್ದ ನಾನು ಒಂದು ದಿನ ಸೂರಗೊಂಡನಕೊಪ್ಪದ ದೇವಸ್ಥಾನಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಹರಕೆ ಹೊತ್ತು ಬಂದೆ. ಏನು ಬೇಡಿಕೊಂಡೆ ಎಂದು ಅವರು ಕೇಳಲಿಲ್ಲ. ಗೊತ್ತೇ ಇತ್ತು.

ಚನ್ನಗಿರಿಗೆ ಫೋನು ಮಾಡಿ, ಉಳಿಯದೇ ಹೋದವರ ಮನೆಯವರು ಬರೆದ ಪುಸ್ತಕ ಏನಾದರೂ ಇದೆಯಾ ಎಂದು ಗೆಳತಿಯನ್ನು ಕೇಳಿದೆ. ‘ಒಂದೈತಕ್ಕ. ಆಯಮ್ಮನ ಗಂಡಂಗೂ ಇದೇ ಡಯಾಲಿಸಿಸ್. ಆದ್ರೆ ನಿಂಗೆ ಬ್ಯಾಡ.’ ‘ಕಳಿಸು’ ಎಂದೆ. ಕಳಿಸಿದಳು. ಮುಖಪುಟ ಕಾಣದ ಹಾಗೆ ಶಾಲೆಯ ಮಕ್ಕಳ ಪುಸ್ತಕದಂತೆ ನ್ಯೂಸ್ ಪೇಪರಿನ ರಟ್ಟು ಹಾಕಿದ್ದಳು.

ಆ ಪುಸ್ತಕವನ್ನು ನಾನು ಅಡುಗೆಮನೆಯಲ್ಲಿ ನಿಂತು ಓದಿದೆ. ಅನ್ನಕ್ಕಿಟ್ಟು ಓದಿದೆ, ಕಿಡ್ನಿಗೆ ಆಗದ ಪೊಟ್ಯಾಷಿಯಂ ಹೋಗಲೆಂದು ತರಕಾರಿಯನ್ನು ಎರಡು ನೀರಿನಲ್ಲಿ ಕುದಿಸಿ ಬಸಿಯುತ್ತ ಓದಿದೆ. ಬರೆದವಳು ಒಬ್ಬ ಗುಮಾಸ್ತೆ, ಮೊದಲ ಪುಸ್ತಕ. ಒಂದು ಪದ ಹೆಚ್ಚಿಲ್ಲ. ಗಂಡನ ಸೂಜಿ ಚುಚ್ಚುವ ಕೈಯ ಮೇಲೆ ಉಬ್ಬಿದ ನರವನ್ನು ಮುಟ್ಟಿದರೆ ಒಳಗೆ ಗುಂಯ್ ಅನ್ನುವುದನ್ನು ಬರೆದಿದ್ದಳು. ಅವನು ಬಾಯಾರಿ ಕೂತಿರುವಾಗ ನೆಂಟರ ಮುಂದೆ ತಾನು ನೀರು ಕುಡಿಯಲು ನಾಚುತ್ತಿದ್ದುದನ್ನು ಬರೆದಿದ್ದಳು. ರಾತ್ರಿ ಅವನು ಕದ್ದು ನಲ್ಲಿಗೆ ಬಾಯಿ ಇಟ್ಟದ್ದನ್ನು, ತಾನು ಅವನಿಗೆ ಹೊಡೆದದ್ದನ್ನು ಬರೆದಿದ್ದಳು. ಇಷ್ಟು ದಿನ ಓದಿದ ಪುಸ್ತಕಗಳಲ್ಲಿ ನನ್ನ ಮನೆಯೊಳಗೆ ಕಾಲಿಟ್ಟದ್ದು ಇದೊಂದೇ.

ಅವಳ ಗಂಡನೂ ಡಯಾಲಿಸಿಸ್ ಸಾಕು ಎಂದಿದ್ದ. ಕೊನೆಗೆ ಅವಳು ಒಪ್ಪಿದ್ದಳು. ನನಗೆ ಬೇಕಾಗಿದ್ದದ್ದು ಆ ಒಂದು ಪುಟ. ಅವನು ಏನು ಕೇಳಿದ, ಇವಳು ಏನು ಹೇಳಿದಳು, ಯಾವ ಮಾತಿನಿಂದ ಹೇಳಿದಳು, ಹೇಳಿದ ಮೇಲೆ ಹೇಗೆ ಎದ್ದು ನಿಂತಳು. ಆ ಜಾಗಕ್ಕೆ ಬಂದರೆ, ಇಬ್ಬರೂ ಕೂತು ಮಾತಾಡಿಕೊಂಡು ತೀರ್ಮಾನಿಸಿದೆವು ಎಂಬರ್ಥದ ಒಂದು ಸಾಲು. ಅಷ್ಟೇ. ಮುಂದಿನ ಪ್ಯಾರಾದಲ್ಲಿ ಅವನು ಮನೆಯ ಮಂಚದ ಮೇಲಿದ್ದಾನೆ. ಎಲ್ಲವನ್ನೂ ಬರೆದ ಹೆಂಗಸು ಅದನ್ನು ಹಾರಿಸಿಬಿಟ್ಟಿದ್ದಳು. ಎಲ್ಲೋ ಪುಟ ಹರಿದಿರಬಹುದೆಂದು ಪುಟಸಂಖ್ಯೆ ನೋಡಿದೆ. ಹರಿದಿರಲಿಲ್ಲ. ಆ ಹೆಂಗಸಿನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವ ಬರಹಗಾರನ ಮೇಲೂ ಬಂದಿರಲಿಲ್ಲ.

‘ಅದ್ಯಾವ ಪುಸ್ತಕ, ನಂಗೆ ಓದಿ ಹೇಳ್ದೇ ಇರೋದು?’

ಅವರು ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ನಡು ಮಧ್ಯಾಹ್ನ. ನಾನು ಅಡುಗೆ ಪುಸ್ತಕ ಎಂದೆ. ಅವರು ಕೈ ಚಾಚಿದರು. ರಟ್ಟು ಬಿಚ್ಚಿ ಮುಖಪುಟ ನೋಡಿದರು, ಹಿಂಬದಿಯಲ್ಲಿ ಬರೆದದ್ದನ್ನು ತುಟಿ ಆಡಿಸುತ್ತ ಓದಿಕೊಂಡರು. ಬೈಯುತ್ತಾರೆಂದುಕೊಂಡೆ. ಪುಸ್ತಕವನ್ನು ವಾಪಸು ಕೊಟ್ಟು, ‘ಪಡಸಾಲಿಗೆ ಬಾ. ಇದನ್ನ ಓದು. ಮೊದಲಿಂದ ಓದು, ಏನೂ ಬಿಡಂಗಿಲ್ಲ’ ಎಂದರು.

ಆಸ್ಪತ್ರೆಗೆ ಹೋಗದ ದಿನಗಳ ಮಧ್ಯಾಹ್ನ ಅದನ್ನು ಓದಿದೆ. ಅವರು ದಿಂಬಿಗೆ ಒರಗಿ ಕೇಳಿದರು. ನಲ್ಲಿಗೆ ಬಾಯಿ ಇಟ್ಟ ಜಾಗದಲ್ಲಿ, ‘ನಾನೂ ಒಂದು ಸಲ’ ಎಂದು ಅಷ್ಟೇ ಹೇಳಿದರು. ನನಗೆ ಅದು ಗೊತ್ತಿರಲಿಲ್ಲ. ಕೊನೆಯ ದಿನ ಕೊನೆಯ ಅಧ್ಯಾಯಕ್ಕೆ ಬಂದೆವು. ಬರೆದವಳು ಅಲ್ಲಿ ಗಂಡ ತೀರಿಕೊಂಡರು ಎಂದು ಬರೆದಿಲ್ಲ, ಸತ್ತರು ಎಂದು ಬರೆದಿದ್ದಾಳೆ. ನಾನು ‘ಹೋದರು’ ಎಂದು ಓದಿದೆ.

‘ಅಲ್ಲಿ ಹೋದರು ಅಂತ ಐತಾ?’

‘ಇಲ್ಲ.’

‘ಇದ್ದಂಗೆ ಓದು ಮೇಡಮ್ಮೋರೆ.’

ಇದ್ದ ಹಾಗೆ ಓದಿದೆ. ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನದೇ ಧ್ವನಿಯಲ್ಲಿ, ಅವರ ಎದುರಿಗೆ, ಆ ಪದವನ್ನು ಹೇಳಿದೆ. ಅವರು ತಲೆಯಾಡಿಸಿದರು. ‘ಆಯಮ್ಮ ಹೂಂ ಅಂದಿದ್ದು ಹೆಂಗೆ? ಏನಂತ ಹೇಳಿದ್ಲು ಗಂಡಂಗೆ?’ ಎಂದು ಕೇಳಿದರು. ನನಗೆ ಬೇಕಾಗಿದ್ದ ಪುಟವೇ ಅವರಿಗೂ ಬೇಕಾಗಿತ್ತು.

‘ಬರೆದಿಲ್ಲ’ ಎಂದೆ. ‘ಅದನ್ನೊಂದು ಬಿಟ್ಟಾಳೆ.’

ಅವರು ನಕ್ಕರು. ಬಹಳ ದಿನದ ಮೇಲೆ ಕಂಡ ನಗು. ಆಮೇಲೆ ಎದ್ದು ಕೂತು, ನಿಧಾನವಾಗಿ, ಉಸಿರು ತೆಗೆದುಕೊಂಡು ಮಾತಾಡಿದರು.

‘ಕೇಳಿಲ್ಲಿ. ನಾವು ಲೈನ್ ಕೆಲಸಕ್ಕೆ ಹೋದ್ರೆ ಮೊದ್ಲು ಕರೆಂಟ್ ಸ್ಟೇಷನ್ನಿಂದ ಎಲ್.ಸಿ. ತಗಂತೀವಿ. ಲೈನ್ ಕ್ಲಿಯರ್. ಅಲ್ಲಿ ಕುಂತೋನು, ಕರೆಂಟು ತೆಗೆದೀನಿ, ಇನ್ನು ಮುಟ್ಟು ಅನ್ನಬೇಕು. ಅನ್ನೋ ತನಕ ನಾನು ಕಂಬದ ಬುಡದಾಗೆ ಕುಂತಿರ್ತೀನಿ. ಮಾತ್ರೆ ವಿಷಯದಾಗೆ ನಾನು ಎಲ್.ಸಿ. ಇಲ್ದೆ ಕೈ ಹಾಕಿದೆ. ತಪ್ಪಾತು. ಇನ್ನೊಂದ್ಸಲ ಹಂಗೆ ಮಾಡಲ್ಲ. ಅದಕ್ಕೆ ನಿನ್ನ ಕೇಳ್ತಾ ಇದೀನಿ. ಕೊಡ್ತೀಯಾ?’

ನನಗೆ ಅರ್ಥವಾಯಿತು. ಅರ್ಥವಾಗದ ಹಾಗೆ ಇರಲು ನೋಡಿದೆ, ಆಗಲಿಲ್ಲ.

‘ಕೊಡಲ್ಲ ಅಂದ್ರೆ?’

‘ಬರ್ತೀನಿ. ಯಾವಾಗ್ಲೂ ಬಂದಂಗೆ ಬಸ್ ಹತ್ತುತೀನಿ. ಆದ್ರೆ ಯಾಕೆ ಕೊಡಲ್ಲ ಅಂತ ಹೇಳಬೇಕು. ಡಾಕ್ಟ್ರು ಹೇಳ್ಯಾರೆ, ಹೊಸ ಔಷಧಿ ಬರ್ತೈತೆ, ಅವೆಲ್ಲ ಬ್ಯಾಡ. ಅದು ಪುಸ್ತಕದ ಮಾತು. ನಿಂದು ಹೇಳು.’

ಅವರ ಪಾದ ಊದಿತ್ತು. ಪಂಚೆಯ ಕೆಳಗೆ ಕಾಲ ಮೇಲೆಲ್ಲ ಕೆರೆದುಕೊಂಡ ಗಾಯದ ಕಲೆಗಳು. ಎಷ್ಟು ನೋಯುತ್ತದೆ ಎಂದು ನನಗೆ ಗೊತ್ತಿದೆ. ಆ ಸ್ಟೂಲಿನ ಮೇಲೆ ಕೂತು ನೋಡಿದವಳು ನಾನು, ಬೇರೆ ಯಾರೂ ಅಲ್ಲ. ಒಳ್ಳೆಯ ಹೆಂಡತಿ ಏನು ಹೇಳಬೇಕು ಎಂದೂ ಗೊತ್ತಿದೆ, ಬೇಕಾದಷ್ಟು ಕಾದಂಬರಿಗಳಲ್ಲಿ ಓದಿದ್ದೇನೆ. ಅವರ ಕೈ ಹಿಡಿದು, ಹಣೆ ಸವರಿ, ನಿಮಗೆ ಹೇಗೆ ಇಷ್ಟವೋ ಹಾಗೆ ಎನ್ನಬೇಕು. ನನ್ನ ಬಾಯಿಂದ ಬಂದದ್ದು ಬೇರೆ.

‘ನಂಗೆ ಹೆದರಿಕೆ ಆಗುತ್ತೆ ರೀ. ನೀವಿಲ್ಲದ ಮನೆಗೆ ಬಂದು ಬೀಗ ತೆಗೆಯಾಕೆ ನನ್ನ ಕೈಲಿ ಆಗಲ್ಲ. ನಂಗೆ ಬೇರೆ ಯಾರೈದಾರೆ? ನಿಮಗೆ ನೋಯ್ತೈತೆ ಅಂತ ಗೊತ್ತು. ಗೊತ್ತಿದ್ದೇ ಕೇಳ್ತೀನಿ. ನಿಮಗೋಸ್ಕರ ಅಲ್ಲ, ನನಗೋಸ್ಕರ ಬರ್ರಿ.’

ಹೇಳಿದ ಮೇಲೆ ನಾಚಿಕೆಯಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ನೀವು ನನಗೆ ಬೇಕು ಎಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ನಮ್ಮ ಕಡೆ ಯಾರೂ ಹೇಳುವುದಿಲ್ಲ. ಊಟಕ್ಕೆ ಏಳಿ ಅನ್ನುತ್ತೇವೆ, ಅದರಲ್ಲೇ ಎಲ್ಲ ಬಂತು ಎಂದುಕೊಳ್ಳುತ್ತೇವೆ. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅವರು ಬಿಡಿಸಿಕೊಳ್ಳಲು ನೋಡುವಾಗ ಕಾಲು ಕಟ್ಟಿಹಾಕಲು.

ಅವರು ತಲೆ ತಗ್ಗಿಸಿ ತಮ್ಮ ಎಡಗೈಯನ್ನು ನೋಡುತ್ತ ಕೂತಿದ್ದರು. ಬೀದಿಯಲ್ಲಿ ತರಕಾರಿ ಗಾಡಿಯ ಮೈಕು ಕೂಗಿಕೊಂಡು ಹೋಯಿತು. ‘ಆತು ಬಿಡು’ ಎಂದರು. ‘ಬಟ್ಟೆ ತೆಗೆದಿಡು. ನಾಳೆ ಆ ಬಿಳಿ ಅಂಗಿ ಬ್ಯಾಡ, ರಕ್ತದ ಕಲೆ ಹೋಗಿಲ್ಲ.’

ಆ ಪುಸ್ತಕವನ್ನು ಚನ್ನಗಿರಿಗೆ ವಾಪಸು ಕಳಿಸಿದೆ. ಹೇಗಿತ್ತಕ್ಕ ಎಂದು ಗೆಳತಿ ಕೇಳಿದಾಗ, ಒಂದು ಪುಟ ಕಡಿಮೆ ಇತ್ತು ಎಂದೆ. ಈಗ ಆ ಬರೆದವಳ ಮೇಲೆ ಸಿಟ್ಟಿಲ್ಲ. ಆ ಪುಟದಲ್ಲಿ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ, ಆದರೆ ಅದನ್ನು ಊರಿಗೆಲ್ಲ ಓದಲು ಕೊಡಲಾಗದು ಎಂದು ಅರ್ಥವಾಗಿದೆ. ನಾನಾದರೂ ನಮ್ಮ ಆ ಪುಟವನ್ನು ಯಾಕೆ ಬರೆದೆ? ಬಹುಶಃ ಯಾರಾದರೂ ನನ್ನನ್ನು ಬೈಯಲಿ ಎಂದು.

ಮಾತಿಗೆ ತಪ್ಪದೆ ಬರುತ್ತಿದ್ದಾರೆ. ಮೊದಲು ಸೂಜಿ ಇಳಿಯುವಾಗ ಅವರು ‘ಅವ್ವಾ’ ಎಂದು ನರಳುತ್ತಿದ್ದರು, ಆ ನರ್ಸ್ ಹುಡುಗಿಯನ್ನು ರೇಗಿಸುತ್ತಿದ್ದರು, ಮೀನಖಂಡ ಹಿಡಿದುಕೊಂಡರೆ ನನ್ನ ಮೇಲೆ ಕೂಗಾಡುತ್ತಿದ್ದರು. ಈಗ ಒಂದು ಸದ್ದೂ ಇಲ್ಲ. ಅಂಕಲ್ ಈಗ ಎಷ್ಟೋ ವಾಸಿ, ನೋವೇ ಗೊತ್ತಾಗುವುದಿಲ್ಲ ಎಂದು ಆ ಹುಡುಗಿ ಖುಷಿಯಾಗಿ ಹೇಳುತ್ತಾಳೆ. ಎರಡನೆಯ ಸೂಜಿ ಒಳಗೆ ಹೋಗುವಾಗ ಅವರು ದವಡೆ ಕಚ್ಚಿ ನನ್ನ ಕಡೆ ತಿರುಗುತ್ತಾರೆ, ಕಣ್ಣ ಅಂಚಿನಲ್ಲಿ ನೀರು ನಿಂತಿರುತ್ತದೆ, ‘ಓದು’ ಅನ್ನುತ್ತಾರೆ. ಸಾಕು, ಬಿಡಿ, ಮನೆಗೆ ಹೋಗೋಣ ಎಂದು ಹೇಳಬೇಕಾದವಳು ನಾನೇ. ನನಗೆ ಬಾಯಿ ಬರುತ್ತಿಲ್ಲ. ಪುಸ್ತಕ ತೆರೆದು ಓದುತ್ತೇನೆ.